ಭೇಟಿಗಾರರ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಇಡಬೇಕೇ?

ಪ್ರಶ್ನೆ: ಕೈತೋಟ ಮತ್ತು ತಾರಸಿ ತೋಟದ ಆಸಕ್ತರಿಗಾಗಿ ನಾವು ಐದಾರು ಗೆಳೆಯರು ಸೇರಿ ಎರಡು ವರ್ಷಗಳಿಂದ ಕನ್ನಡದಲ್ಲಿ ಒಂದು ಆನ್‌ಲೈನ್ ಸಮುದಾಯವನ್ನು ನಡೆಸುತ್ತಿದ್ದೇವೆ. ಸದಸ್ಯರು ಗಿಡದ ಫೋಟೊ ಹಾಕಿ ಪ್ರಶ್ನೆ ಕೇಳುತ್ತಾರೆ, ಬೀಜಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಮುಖಪುಟದ ಅಡಿಯಲ್ಲಿ ಒಟ್ಟು ಭೇಟಿಗಾರರನ್ನು ತೋರಿಸುವ ಒಂದು ಉಚಿತ ಕೌಂಟರ್ ಇದೆ. ಪ್ರತಿ ಪ್ರಶ್ನೆಯ ಕೆಳಗೂ ಅದನ್ನು ಎಷ್ಟು ಜನ ನೋಡಿದ್ದಾರೆಂದು ತೋರಿಸಬೇಕೆಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ನಾವೆಷ್ಟು ಚಿಕ್ಕವರೆಂಬುದು ಬಯಲಾಗುತ್ತದೆ, ಇರುವುದನ್ನೂ ತೆಗೆಯೋಣ ಎಂದು ಉಳಿದವರು ಹೇಳುತ್ತಾರೆ. ನೆರವು ನೀಡಲು ಮುಂದೆ ಬಂದಿರುವ ನರ್ಸರಿಯವರೊಬ್ಬರೂ ಸಂಖ್ಯೆ ಕೇಳುತ್ತಿದ್ದಾರೆ. ಏನು ಮಾಡುವುದು ಒಳಿತು?

ಉತ್ತರ: ನಿಮ್ಮ ಮಾತಿನಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಎಣಿಸಬೇಕೇ ಎಂಬುದು ಒಂದು, ಎಣಿಸಿದ್ದನ್ನು ಬಾಗಿಲಿಗೆ ತೂಗುಹಾಕಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು. ನಡೆಸುವವರಿಗೆ ಲೆಕ್ಕ ಗೊತ್ತಿರಲೇಬೇಕು. ಎರಡನೆಯದಕ್ಕೆ, ನಿಮ್ಮಂಥ ಸಮುದಾಯದ ಮಟ್ಟಿಗೆ, ಬೇಡವೆಂದೇ ಹೇಳುತ್ತೇನೆ. ಆದರೆ ಮುಖಪುಟದ ಒಟ್ಟು ಸಂಖ್ಯೆ ಬೇಡವೆನ್ನಲು ಇರುವ ಕಾರಣ ಬೇರೆ, ಪ್ರಶ್ನೆಯ ಕೆಳಗಿನ ಸಂಖ್ಯೆ ಬೇಡವೆನ್ನಲು ಇರುವ ಕಾರಣ ಬೇರೆ. ಎರಡನೆಯದರಲ್ಲಿ ಒಂದು ವಿನಾಯಿತಿಯೂ ಇದೆ.

ಮೊದಲು ಆ ಕೌಂಟರ್ ಏನನ್ನು ಎಣಿಸುತ್ತದೆ ಎಂಬುದನ್ನು ನೋಡೋಣ. 1990ರ ದಶಕದ ಜಾಲತಾಣಗಳ ಅಡಿಯಲ್ಲಿ ಕಾರಿನ ಕಿಲೋಮೀಟರ್ ಮೀಟರಿನಂತೆ ಅಂಕಿಗಳು ಉರುಳುತ್ತಿದ್ದುದು ಹಳೆಯ ಓದುಗರಿಗೆ ನೆನಪಿರಬಹುದು. ನಮ್ಮ ಅನೇಕ ಸರ್ಕಾರಿ ಇಲಾಖೆಗಳ ಜಾಲತಾಣಗಳ ಅಡಿಯಲ್ಲಿ ಅದರ ವಂಶ ಇಂದಿಗೂ ಬದುಕಿದೆ. ಆ ಕೌಂಟರ್‌ಗೆ ಮನುಷ್ಯರು ಕಾಣುತ್ತಿರಲಿಲ್ಲ. ಪುಟವನ್ನು ಕಳಿಸು ಎಂದು ಸರ್ವರ್‌ಗೆ ಬಂದ ಬೇಡಿಕೆಗಳಷ್ಟೇ ಕಾಣುತ್ತಿದ್ದವು. ಒಬ್ಬನೇ ಹತ್ತು ಬಾರಿ ಪುಟವನ್ನು ತೆರೆದರೆ ಹತ್ತು ಭೇಟಿ. ಮುಂದೆ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನೋಡಿ, ಬ್ರೌಸರಿನಲ್ಲಿ ಕುಕ್ಕಿ ಎಂಬ ಪುಟ್ಟ ಗುರುತಿನ ಕಡತ ಇಟ್ಟು, ಒಬ್ಬರನ್ನು ಒಮ್ಮೆಯೇ ಎಣಿಸುವ ವಿಧಾನಗಳು ಬಂದವು. ಅವೂ ಪೂರ್ತಿ ಸರಿಯಲ್ಲ. ಮನೆಯ ವೈಫೈಯಲ್ಲಿ ನಿಮ್ಮ ಪುಟವನ್ನು ನೋಡಿದ ಗೃಹಿಣಿ ಬಸ್ಸಿನಲ್ಲಿ ಮೊಬೈಲ್ ಡೇಟಾದಿಂದ ಮತ್ತೆ ನೋಡಿದಾಗ ಐಪಿ ವಿಳಾಸದ ಲೆಕ್ಕದಲ್ಲಿ ಅವರು ಇಬ್ಬರಾಗುತ್ತಾರೆ. ಒಂದೇ ಕಾಲೇಜಿನ ನೆಟ್‌ವರ್ಕಿನಿಂದ ನೋಡಿದ ಮೂವತ್ತು ಮಂದಿ ಅದೇ ಲೆಕ್ಕದಲ್ಲಿ ಒಬ್ಬರಾಗಬಹುದು. ಕುಕ್ಕಿಯ ಲೆಕ್ಕದಲ್ಲಿ ಫೋನೊಬ್ಬರು, ಲ್ಯಾಪ್‌ಟಾಪ್ ಇನ್ನೊಬ್ಬರು. ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡವರು ಹಲವು ಕೌಂಟರ್‌ಗಳಿಗೆ ಕಾಣುವುದೇ ಇಲ್ಲ. ಯಾರಾದರೂ ನಿಮ್ಮ ಪುಟದ ಕೊಂಡಿಯನ್ನು ವಾಟ್ಸಾಪಿನಲ್ಲಿ ಹಂಚುವಾಗ ಚಿಕ್ಕ ಚಿತ್ರ ಮತ್ತು ಶೀರ್ಷಿಕೆ ಮೂಡುತ್ತವಲ್ಲ, ಅದಕ್ಕಾಗಿ ಆ ಫೋನು ತಾನಾಗಿ ಬಂದು ಪುಟವನ್ನು ಮುಟ್ಟಿ ಹೋಗಿರುತ್ತದೆ. ಸರ್ವರ್ ಲಾಗ್ (ಬಂದ ಬೇಡಿಕೆಗಳ ದಾಖಲೆ) ನೋಡಿ ಎಣಿಸಿದರೆ ಅದೂ ಒಂದು ಭೇಟಿ.

ನಾನೂ ಒಮ್ಮೆ ಇದರಲ್ಲಿ ಮೋಸಹೋಗಿದ್ದೇನೆ. ನಿರ್ವಹಣೆಯಲ್ಲಿ ನಾನು ಕೈಜೋಡಿಸಿದ್ದ ಒಂದು ಪುಟ್ಟ ಸಮುದಾಯದಲ್ಲಿ ಒಂದು ದಿನ ಭೇಟಿಗಳು ಇದ್ದಕ್ಕಿದ್ದಂತೆ ಹೆಚ್ಚಾದವು, ಮರುದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ನಾವೆಲ್ಲ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡ ಮೇಲೆ ಗೆಳೆಯನೊಬ್ಬ ಹೆಚ್ಚಳವನ್ನು ಲೆಕ್ಕಹಾಕಿದ: ದಿನಕ್ಕೆ ಸರಿಯಾಗಿ 288. ತಾಣ ನಡೆಯುತ್ತಿದೆಯೇ ನಿಂತಿದೆಯೇ ಎಂದು ಐದು ನಿಮಿಷಕ್ಕೊಮ್ಮೆ ಬಂದು ನೋಡುವ ಒಂದು ಸೇವೆಯನ್ನು ನಾವೇ ಹಿಂದಿನ ವಾರ ಜೋಡಿಸಿದ್ದೆವು. ಗಂಟೆಗೆ ಹನ್ನೆರಡು, ದಿನಕ್ಕೆ 288. ನಮ್ಮ ಅತ್ಯಂತ ನಿಷ್ಠಾವಂತ ಭೇಟಿಗಾರ ನಮ್ಮದೇ ಕಾವಲುಗಾರನಾಗಿದ್ದ.

ಇದು ಅನನುಭವಿಗಳ ತಪ್ಪೆಂದು ತಳ್ಳಿಹಾಕುವಂತಿಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2025ರ ಮೇ ತಿಂಗಳ ಆಸುಪಾಸಿನಲ್ಲಿ ಮುಖ್ಯವಾಗಿ ಬ್ರೆಜಿಲ್‌ನಿಂದ ಅಸಹಜವೆನಿಸುವಷ್ಟು ಓದುಗರು ಬರುತ್ತಿರುವುದನ್ನು ಗಮನಿಸಿತು. ಪರಿಶೀಲಿಸಿ, ತಾವಾಗಿಯೇ ಪುಟ ತೆರೆಯುವ ತಂತ್ರಾಂಶಗಳಾದ ಬಾಟ್‌ಗಳನ್ನು ಪತ್ತೆಹಚ್ಚುವ ಕ್ರಮವನ್ನು ತಿದ್ದಿದಾಗ, ಮನುಷ್ಯರದೆಂದು ತಿಳಿದಿದ್ದ ಆ ಭೇಟಿಗಳಲ್ಲಿ ಬಹುಪಾಲು ಯಂತ್ರಗಳದೆಂದು ಗೊತ್ತಾಯಿತು; ತಿದ್ದಿದ ಲೆಕ್ಕದಲ್ಲಿ ಮನುಷ್ಯರ ಪುಟವೀಕ್ಷಣೆ ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಶೇ. 8ರಷ್ಟು ಇಳಿದಿತ್ತು. ಎಣಿಕೆಯನ್ನೇ ವೃತ್ತಿಯಾಗಿಸಿಕೊಂಡವರಿರುವ ಸಂಸ್ಥೆಗೇ ಏರಿಕೆಯೂ ಇಳಿಕೆಯೂ ಅದಲುಬದಲಾಗಿ ಕಾಣಬಹುದಾದರೆ, ನಿಮ್ಮ ಉಚಿತ ಕೌಂಟರ್ ತೋರಿಸುವ ಅಂಕಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ನಂಬಿ ನೀವು ಹಿಗ್ಗಿದರೆ ಅಥವಾ ಕುಗ್ಗಿದರೆ ಅದು ನಿಮ್ಮೊಳಗೇ ಉಳಿಯುತ್ತದೆ. ಬಾಗಿಲಿಗೆ ತೂಗುಹಾಕಿದಾಗ ಅದು ಬಂದವರೆದುರು ನೀವು ಹೇಳುವ ಮಾತಾಗುತ್ತದೆ.

ಅಂಕಿ ಸರಿಯೋ ತಪ್ಪೋ, ಕಂಡವರ ಮೇಲೆ ಅದು ಕೆಲಸ ಮಾಡುವುದಂತೂ ನಿಜ. ಜನ ಮರುಳೋ ಜಾತ್ರೆ ಮರುಳೋ ಎಂದು ನಮ್ಮವರು ಬೆರಗಾದ ಸಂಗತಿಯನ್ನು 2006ರಲ್ಲಿ ಸ್ಯಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಎಂಬ ಸಂಶೋಧಕರು ಪ್ರಯೋಗಕ್ಕೇ ಒಡ್ಡಿದರು. ಹೆಸರೇ ಕೇಳಿರದ ತಂಡಗಳ 48 ಹಾಡುಗಳನ್ನು ಜಾಲತಾಣದಲ್ಲಿಟ್ಟು 14,341 ಜನರಿಗೆ ಕೇಳಿಸಿ, ಇಷ್ಟವಾದುದನ್ನು ಇಳಿಸಿಕೊಳ್ಳಲು ಬಿಟ್ಟರು. ಒಂದು ಗುಂಪಿನವರಿಗೆ ಹಾಡಿನ ಮತ್ತು ತಂಡದ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಪ್ರತ್ಯೇಕ ಲೋಕಗಳಾಗಿ ಹಂಚಿ, ಆಯಾ ಲೋಕದಲ್ಲಿ ಈವರೆಗೆ ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಸಂಖ್ಯೆಯನ್ನೂ ತೋರಿಸಿದರು. ಸಂಖ್ಯೆ ಕಂಡಲ್ಲಿ ಗೆದ್ದ ಹಾಡುಗಳು ಇನ್ನಷ್ಟು ಗೆದ್ದವು, ಸೋತವು ಇನ್ನಷ್ಟು ಸೋತವು. ಆದರೆ ಯಾವ ಹಾಡು ಗೆಲ್ಲುತ್ತದೆ ಎಂಬುದು ಲೋಕದಿಂದ ಲೋಕಕ್ಕೆ ಬದಲಾಯಿತು. ತೀರಾ ಒಳ್ಳೆಯ ಹಾಡುಗಳು ಪೂರ್ತಿ ಸೋಲುವುದು ಅಪರೂಪ, ತೀರಾ ಕಳಪೆಯವು ಗೆಲ್ಲುವುದೂ ಅಪರೂಪ. ನಡುವಿನವುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ನಿಮ್ಮ ಸಮುದಾಯದ ಬಹುಪಾಲು ಪ್ರಶ್ನೆಗಳೂ ಉತ್ತರಗಳೂ ಇರುವುದು ಈ ನಡುವಿನ ಜಾಗದಲ್ಲೇ.

ಇದೇ ಪ್ರಯೋಗದ ಮುಂದುವರಿಕೆಯಾಗಿ 2008ರಲ್ಲಿ ಪ್ರಕಟವಾದ ಅಧ್ಯಯನವನ್ನು ನಿಮ್ಮ ಗೆಳೆಯರಿಗೆ ವಿಶೇಷವಾಗಿ ಹೇಳಿ. ಅಲ್ಲಿ ಸಂಖ್ಯೆಗಳನ್ನೇ ತಿರುವುಮುರುವಾಗಿಸಿ, ಜನಪ್ರಿಯವಾದುದನ್ನು ಕಡಿಮೆ ಜನ ಮೆಚ್ಚಿದ್ದೆಂದೂ, ಮೆಚ್ಚದ್ದನ್ನು ಜನಪ್ರಿಯವೆಂದೂ ತೋರಿಸಲಾಯಿತು. ಸುಳ್ಳು ಸಂಖ್ಯೆಯನ್ನು ಹಲವರು ನಂಬಿದರು. ಎಷ್ಟೋ ಹಾಡುಗಳ ವಿಷಯದಲ್ಲಿ ಸುಳ್ಳೇ ನಿಜವಾಯಿತು. ಕೆಲವು ನಿಜವಾಗಿಯೂ ಒಳ್ಳೆಯ ಹಾಡುಗಳು ಕಾಲಕ್ರಮದಲ್ಲಿ ಮೇಲೆದ್ದವು. ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು: ಒಟ್ಟಾರೆ ಇಳಿಸಿಕೊಳ್ಳುವಿಕೆಯೇ ಕಡಿಮೆಯಾಯಿತು. ಕೌಂಟರನ್ನು ಸೊನ್ನೆಯ ಬದಲು ಐದು ಸಾವಿರದಿಂದ ಆರಂಭಿಸುವ ಹಳೆಯ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ. ಯಾರಿಗೂ ತೊಂದರೆಯಿಲ್ಲದ ಚಿಕ್ಕ ಸುಳ್ಳು ಎಂದು ಅದನ್ನು ಸಮರ್ಥಿಸುವವರು ಈ ಫಲಿತಾಂಶವನ್ನು ನೋಡಬೇಕು.

ಮುಖಪುಟದ ಸಂಖ್ಯೆಗೆ ಬರೋಣ. ಮಧ್ಯಾಹ್ನ ಒಂದು ಗಂಟೆಗೆ ಖಾಲಿ ಕುಳಿತ ಹೋಟೆಲನ್ನು ಕಂಡು ನಾವು ಪಕ್ಕದ ಗಿಜಿಗುಡುವ ದರ್ಶಿನಿಗೆ ಹೋಗುತ್ತೇವೆ. ಚಿಕ್ಕ ಸಂಖ್ಯೆ ಬಂದವರನ್ನು ಹಿಮ್ಮೆಟ್ಟಿಸುತ್ತದೆ ಎಂಬ ನಿಮ್ಮ ಗೆಳೆಯರ ಅಳುಕಿಗೆ ಅಷ್ಟರ ಮಟ್ಟಿಗೆ ಆಧಾರವಿದೆ. ಆದರೆ ಒಟ್ಟು ಸಂಖ್ಯೆಯ ನಿಜವಾದ ದೋಷ ಅದು ಚಿಕ್ಕದಾಗಿರುವುದಲ್ಲ, ಅದು ಎಂದೂ ಇಳಿಯದಿರುವುದು. ಕೈತೋಟದ ಕೆಲಸಕ್ಕೆ ಋತುವಿದೆ: ಮುಂಗಾರು ಹಿಡಿಯುವ ಹೊತ್ತಿಗೆ ಹೀರೆ, ಹಾಗಲ, ಬೆಂಡೆಯ ಬೀಜ ಕೇಳುವವರು ಮುಗಿಬೀಳುತ್ತಾರೆ, ಏಪ್ರಿಲ್ಲಿನ ಬಿಸಿಲಿನಲ್ಲಿ ತಾರಸಿಯನ್ನು ಹತ್ತುವವರೇ ಕಡಿಮೆ. ಒಟ್ಟು ಸಂಖ್ಯೆಗೆ ಜೂನ್ ಏನು ಏಪ್ರಿಲ್ ಏನು. ಸಮುದಾಯ ಸತ್ತು ಆರು ತಿಂಗಳಾದರೂ ಅದು ಅಷ್ಟೇ ದೊಡ್ಡದಾಗಿ ಕುಳಿತಿರುತ್ತದೆ, ಬಾಟ್‌ಗಳ ದಯೆಯಿಂದ ಬೆಳೆಯುತ್ತಲೂ ಇರುತ್ತದೆ. ವಿಷಯಕ್ಕೊಂದು ಸಮುದಾಯವಿರುವ ಚರ್ಚಾತಾಣ ರೆಡ್ಡಿಟ್ 2025ರಲ್ಲಿ ತನ್ನ ಸಮುದಾಯಗಳ ಪುಟದಲ್ಲಿ ಒಟ್ಟು ಸದಸ್ಯರ ಸಂಖ್ಯೆಯನ್ನು ಬಿಟ್ಟು, ಕಳೆದ ಏಳು ದಿನಗಳ ಭೇಟಿಗಾರರು ಎಷ್ಟು, ಕೊಡುಗೆಗಳೆಷ್ಟು ಎಂಬುದನ್ನು ತೋರಿಸಲು ಹೊರಟದ್ದಕ್ಕೆ ಇಂಥದ್ದೇ ಕಾರಣ: ಎಂದೋ ಸೇರಿ ಮರೆತವರ ಸಂಖ್ಯೆ ಇಂದಿನ ಚಟುವಟಿಕೆಯನ್ನು ಹೇಳುವುದಿಲ್ಲ. ಅವರು ಭೇಟಿಗಾರರ ಸಂಖ್ಯೆಯನ್ನೇ ತೋರಿಸುತ್ತಿದ್ದಾರಲ್ಲ ಎಂದು ನೀವು ನನ್ನನ್ನು ಹಿಡಿಯಬಹುದು. ಹೌದು, ಸಾವಿರಾರು ಸಮುದಾಯಗಳ ನಡುವೆ ಆರಿಸಿಕೊಳ್ಳಬೇಕಾದ ಹೊಸಬನಿಗೆ ವಾರದ ಲೆಕ್ಕ ಒಂದು ಸುಳಿವು. ನಿಮ್ಮಲ್ಲಿಗೆ ಬರುವವರು ಹಾಗೆ ಆರಿಸಿಕೊಂಡು ಬರುವುದಿಲ್ಲ, ಗಿಡಕ್ಕೆ ಏನೋ ಆಗಿದೆಯೆಂದು ಬರುತ್ತಾರೆ.

ಆದ್ದರಿಂದಲೇ ಪ್ರಶ್ನೆಯ ಕೆಳಗೆ ತೋರಿಸಬೇಕೆಂದಿರುವ ಸಂಖ್ಯೆಯ ಬಗ್ಗೆ ಹೆಚ್ಚು ಯೋಚಿಸಬೇಕು. ನುಗ್ಗೆ ಗಿಡದ ಕಾಂಡಕ್ಕೆ ಕಂಬಳಿಹುಳು ಗುಂಪಾಗಿ ಅಂಟಿಕೊಂಡಿದೆ ಎಂದು ಒಬ್ಬರು ಸಂಜೆ ಫೋಟೊ ಹಾಕಿ, ಮಕ್ಕಳು ಓಡಾಡುವ ಜಾಗ, ಏನು ಮಾಡಲಿ ಎಂದು ಕೇಳುತ್ತಾರೆನ್ನಿ. ಬೆಳಿಗ್ಗೆ ಎದ್ದು ನೋಡಿದಾಗ ‘ನೋಡಿದವರು 140, ಉತ್ತರ 0’ ಎಂದಿದ್ದರೆ ಅವರಿಗೆ ಏನನ್ನಿಸುತ್ತದೆ? ಸಂಖ್ಯೆಯೇ ಇರದಿದ್ದರೆ ಇನ್ನೂ ಯಾರೂ ನೋಡಿಲ್ಲವೇನೋ ಎಂದು ಕಾಯುತ್ತಿದ್ದರು. ಈಗ ನೂರನಲವತ್ತು ಮಂದಿ ನೋಡಿ ಸುಮ್ಮನೆ ಹೋದರೆಂದು ತಿಳಿಯಿತು. ವಾಟ್ಸಾಪಿಗೆ 2014ರಲ್ಲಿ ನೀಲಿ ಟಿಕ್ ಬಂದ ಮೇಲೆ ನೆಂಟರಿಷ್ಟರ ನಡುವೆ ಹುಟ್ಟಿದ ಮುನಿಸುಗಳನ್ನು ನೆನೆದರೆ ಇದರ ತೂಕ ಗೊತ್ತಾಗುತ್ತದೆ. ಆ ನೂರನಲವತ್ತರಲ್ಲಿ ಅರ್ಧ ಬಾಟ್‌ಗಳಿರಬಹುದು, ಉಳಿದವರಲ್ಲಿ ಹಲವರು ತಮಗೂ ಅದೇ ತೊಂದರೆಯಿದ್ದು ಉತ್ತರವನ್ನು ಹುಡುಕಿ ಬಂದವರಿರಬಹುದು. ಅದನ್ನೆಲ್ಲ ಆ ಸಂಖ್ಯೆ ಹೇಳುವುದಿಲ್ಲ.

ಉತ್ತರ ಬಲ್ಲವರ ಮೇಲೂ ಅದು ವಿಚಿತ್ರವಾಗಿ ಕೆಲಸ ಮಾಡುತ್ತದೆ. ಅಷ್ಟು ಜನ ನೋಡಿದ್ದಾರೆ, ಗೊತ್ತಿದ್ದವರು ಯಾರಾದರೂ ಹೇಳುತ್ತಾರೆ ಎಂದುಕೊಳ್ಳುವುದು ಸುಲಭ. ಜೊತೆಗೆ, ಹೆಚ್ಚು ನೋಡಿಸಿಕೊಂಡ ಪ್ರಶ್ನೆಗೆ ಉತ್ತರಿಸಿದರೆ ತಮ್ಮ ಉತ್ತರವನ್ನೂ ಹೆಚ್ಚು ಜನ ನೋಡುತ್ತಾರೆಂದು ಕೈಗಳು ಅತ್ತಲೇ ಓಡುತ್ತವೆ. ಗುಲಾಬಿಯ ಪ್ರಶ್ನೆಗೆ ಹದಿನಾರು ಉತ್ತರ, ಬಸಳೆಯ ಪ್ರಶ್ನೆಗೆ ಒಂದೂ ಇಲ್ಲ. ಇನ್ನು ಶೀರ್ಷಿಕೆಗಳು: ‘ಮೆಣಸಿನ ಗಿಡದ ಎಲೆ ಮುದುಡುತ್ತಿದೆ’ ಎಂದು ನೇರವಾಗಿ ಕೇಳುತ್ತಿದ್ದವರು ಕೆಲವೇ ವಾರಗಳಲ್ಲಿ ‘ಅಡುಗೆಮನೆಯ ಈ ಒಂದು ವಸ್ತು ಸಾಕು, ನೋಡಿದರೆ ಬೆಚ್ಚಿಬೀಳುತ್ತೀರಿ’ ಎಂದು ಬರೆಯಲು ಕಲಿಯುತ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ, ಸಂಖ್ಯೆಯೇ ಹೇಳಿಕೊಡುತ್ತದೆ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ತಂತ್ರಾಂಶ ಬರೆಯುವವರ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಪ್ರತಿ ಪ್ರಶ್ನೆಯ ವೀಕ್ಷಣೆಯನ್ನು ತೋರಿಸುತ್ತದೆ. ಪ್ರಶ್ನೆ 1,000, 2,500, 10,000 ವೀಕ್ಷಣೆಗಳನ್ನು ದಾಟಿದಾಗ ಕೇಳಿದವರಿಗೆ ಬ್ಯಾಡ್ಜ್ ಕೂಡ ಸಿಗುತ್ತದೆ. ಅಲ್ಲಿ ಅದು ಸಲ್ಲುವುದಕ್ಕೆ ಕಾರಣವಿದೆ. ಒಮ್ಮೆ ಉತ್ತರ ಸಿಕ್ಕ ಪ್ರಶ್ನೆಯನ್ನು ವರ್ಷಗಳ ಕಾಲ ಬೇರೆಯವರು ಹುಡುಕಿಕೊಂಡು ಬರುತ್ತಾರೆ. ನಾನು ಕೇಳಿದ ಪ್ರಶ್ನೆ ಇಷ್ಟು ಜನರಿಗೆ ನೆರವಾಯಿತು ಎಂಬುದನ್ನು ಆ ಸಂಖ್ಯೆ ತಡವಾಗಿ, ಆದರೆ ಸುಮಾರು ನಿಜವಾಗಿ ಹೇಳುತ್ತದೆ. ನಮ್ಮ ಸಾರ್ವಜನಿಕ ಗ್ರಂಥಾಲಯದ ಪುಸ್ತಕಗಳಲ್ಲಿ ಅಂಟಿಸಿರುತ್ತಿದ್ದ ದಿನಾಂಕದ ಚೀಟಿಯೂ ಇದೇ ಕೆಲಸ ಮಾಡುತ್ತಿತ್ತು. ಮುದ್ರೆಗಳ ಸಾಲನ್ನು ನೋಡಿ ಈ ಪುಸ್ತಕ ಎಷ್ಟು ಕೈ ದಾಟಿ ಬಂದಿದೆಯೆಂದು ಊಹಿಸುವುದರಲ್ಲಿ ಒಂದು ಸುಖವಿತ್ತು. ಆದರೆ ಆ ಚೀಟಿ ಪುಸ್ತಕವನ್ನು ತೆರೆದವರಿಗಷ್ಟೇ ಕಾಣುತ್ತಿತ್ತು. ಕಪಾಟಿನ ಮೇಲೆ ‘ಇದನ್ನು 61 ಜನ ಒಯ್ದಿದ್ದಾರೆ’ ಎಂದು ಯಾವ ಗ್ರಂಥಪಾಲಕರೂ ಬರೆದು ಅಂಟಿಸಲಿಲ್ಲ.

ನಾನು ಹೇಳಿದ ವಿನಾಯಿತಿ ಇಲ್ಲಿಂದಲೇ ಬರುತ್ತದೆ. ಉತ್ತರ ಸಿಕ್ಕ, ಆರು ತಿಂಗಳಾದರೂ ಹಳೆಯದಾದ ಪ್ರಶ್ನೆಗಳ ವೀಕ್ಷಣೆಯನ್ನು ಕೇಳಿದವರಿಗೂ ಉತ್ತರಿಸಿದವರಿಗೂ ಮಾತ್ರ ತಿಳಿಸಿ. ಮನೆಗೆ ಕೈಬರಹದ ಪತ್ರ ಬಂದಂತೆ, ‘ಕಳೆದ ಮಳೆಗಾಲದಲ್ಲಿ ನೀವು ಕೊಟ್ಟ ಉತ್ತರವನ್ನು ಈ ತಿಂಗಳೂ ಜನ ಹುಡುಕಿ ಓದುತ್ತಿದ್ದಾರೆ’ ಎಂಬ ಒಂದು ಸಾಲು ಬಂದರೆ ಉತ್ತರಿಸಿದವರು ಮತ್ತೆ ಬರೆಯುತ್ತಾರೆ. ಸಂಖ್ಯೆಯನ್ನು ಸಂಬಂಧಪಟ್ಟವರಿಗೆ ಮಾತ್ರ ತೋರಿಸುವುದು ಹೊಸದೇನಲ್ಲ. ಯೂಟ್ಯೂಬ್ 2021ರ ನವೆಂಬರಿನಿಂದ ಡಿಸ್‌ಲೈಕ್ ಸಂಖ್ಯೆಯನ್ನು ವೀಡಿಯೊ ಮಾಡಿದವರಿಗೆ ಮಾತ್ರ ತೋರಿಸುತ್ತಿದೆ. ಇನ್‌ಸ್ಟಾಗ್ರಾಂ 2019ರಲ್ಲಿ ಕೆಲವು ದೇಶಗಳಲ್ಲಿ ಲೈಕ್ ಸಂಖ್ಯೆಯನ್ನು ಬಚ್ಚಿಟ್ಟು ನೋಡಿ, ಕೆಲವರಿಗೆ ನೆಮ್ಮದಿಯೂ ಕೆಲವರಿಗೆ ಕಿರಿಕಿರಿಯೂ ಆದದ್ದನ್ನು ಕಂಡು, 2021ರಲ್ಲಿ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವಿಕಿಪೀಡಿಯದ ಕ್ರಮ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಯಾವ ಲೇಖನವನ್ನು ತೆರೆದರೂ ಇದನ್ನು ಇಷ್ಟು ಜನ ಓದಿದ್ದಾರೆಂಬ ಫಲಕ ಕಾಣುವುದಿಲ್ಲ. ಮೊದಲ ಕಾರಣ ತಾಂತ್ರಿಕವಾದದ್ದು: ಓದುಗರಿಗೆ ಹೋಗುವುದು ಬಹುಮಟ್ಟಿಗೆ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಸಿದ್ಧವಾಗಿಟ್ಟ ಪ್ರತಿ, ಪ್ರತಿ ಬಾರಿಯೂ ಎಣಿಕೆಯನ್ನು ದತ್ತಸಂಚಯದಲ್ಲಿ ಬರೆಯಲು ಹೊರಟರೆ ಸರ್ವರ್‌ಗಳು ಸೋಲುತ್ತವೆ. ಅದರ ಆಧಾರವಾದ ಮೀಡಿಯಾವಿಕಿ ತಂತ್ರಾಂಶದಿಂದಲೇ ಈ ಎಣಿಕೆಯ ಭಾಗವನ್ನು 2015ರಲ್ಲಿ ಹೊರತೆಗೆಯಲಾಯಿತು. ಹಾಗೆಂದು ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಪುಟದ ಮಾಹಿತಿ ಎಂಬ ಕೊಂಡಿಯನ್ನು ಒತ್ತಿದರೆ ಕಳೆದ 30 ದಿನಗಳ ವೀಕ್ಷಣೆ ಸಿಗುತ್ತದೆ, ಆಸಕ್ತರು ಇನ್ನೂ ಆಳಕ್ಕೆ ಇಳಿಯಬಹುದು. ಓದಲು ಬಂದವರ ಕಣ್ಣಿಗೆ ಅಡ್ಡಬರುವುದಿಲ್ಲ, ಹುಡುಕಿದವರಿಗೆ ಸಿಗದೆ ಹೋಗುವುದೂ ಇಲ್ಲ.

ಮುಖಪುಟದಲ್ಲಿ ಏನನ್ನೂ ತೋರಿಸಬಾರದೇ ಎಂದರೆ, ತೋರಿಸಿ, ಆದರೆ ಬಂದವರಿಗೆ ಬೇಕಾದುದನ್ನು ತೋರಿಸಿ. ಕಂಬಳಿಹುಳು ಕಂಡು ಗಾಬರಿಯಾದವರಿಗೆ ಬೇಕಾದದ್ದು ಇಲ್ಲಿ ಕೇಳಿದರೆ ಎಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂಬುದು. ಕಳೆದ ಮೂವತ್ತು ದಿನಗಳ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಒಂದು ದಿನದೊಳಗೆ ಮೊದಲ ಉತ್ತರ ಬಂದಿದೆ, ಉತ್ತರವಿಲ್ಲದೆ ಉಳಿದವು ಯಾವುವು ಎಂಬೆರಡನ್ನು ತೋರಿಸಿದರೆ ಕೇಳುವವರಿಗೂ ಧೈರ್ಯ, ಬಲ್ಲವರಿಗೂ ಕೆಲಸ. ಈ ಲೆಕ್ಕವನ್ನು ಬಾಟ್‌ಗಳು ಉಬ್ಬಿಸುವುದು ಕಷ್ಟ. ಚಿಕ್ಕ ಸಮುದಾಯ ದೊಡ್ಡದನ್ನು ಮೀರಿಸಬಲ್ಲ ಜಾಗವೂ ಇದೇ. ನಿಮ್ಮ ಒಳಲೆಕ್ಕಕ್ಕೆ ಇನ್ನೊಂದು ಮಾತು: ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಯಾಕಬ್ ನೀಲ್ಸನ್ 2006ರಲ್ಲಿ ಬರೆದಂತೆ, ಇಂಥ ಸಮುದಾಯಗಳಲ್ಲಿ ಸ್ಥೂಲವಾಗಿ ಶೇ. 90ರಷ್ಟು ಜನ ನೋಡುವವರು, ಶೇ. 9ರಷ್ಟು ಆಗೀಗ ಬರೆಯುವವರು, ಶೇ. 1ರಷ್ಟು ಮಂದಿ ಹೆಚ್ಚಿನದನ್ನೆಲ್ಲ ಬರೆಯುವವರು. ಇದು ನಿಯಮವಲ್ಲ, ಅಂದಾಜು. ಇನ್ನೂರು ಜನ ಬಂದು ಇಬ್ಬರೇ ಬರೆದರೆಂದು ಎದೆಗುಂದಬೇಕಾಗಿಲ್ಲ ಎಂಬುದಕ್ಕಷ್ಟೇ ಅದನ್ನು ನೆನಪಿಡಿ.

ಉಚಿತ ಕೌಂಟರನ್ನಂತೂ ಮೊದಲು ತೆಗೆಯಿರಿ. ಅಂಥವು ಬೇರೊಬ್ಬರ ಸರ್ವರ್‌ನಿಂದ ಬರುತ್ತವೆ. ನಿಮ್ಮ ಸದಸ್ಯರು ಯಾವಾಗ ಬಂದರು, ಯಾವ ಪುಟವನ್ನು ನೋಡಿದರು ಎಂಬುದು ನಿಮಗೆ ಗೊತ್ತಿಲ್ಲದವರ ಕೈ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಹಗುರವಾಗಿ ಹಂಚುವಂತಿಲ್ಲ. ‘ಈಗ ಇಲ್ಲಿರುವವರು’ ಎಂದು ಹೆಸರುಗಳನ್ನು ತೋರಿಸುವ ಸೌಲಭ್ಯವಿದ್ದರೆ ಅದನ್ನೂ ನಿಲ್ಲಿಸಿ. ನನ್ನ ಪುಟವನ್ನು ಯಾರು ನೋಡಿದರು ಎಂದು ತೋರಿಸುತ್ತಿದ್ದ ಹಳೆಯ ಸಾಮಾಜಿಕ ಜಾಲತಾಣ ಆರ್ಕುಟ್‌ನ ಕಾಲದಲ್ಲಿ ಎಷ್ಟು ಜನ ಕದ್ದು ನೋಡಲೂ ಅಂಜುತ್ತಿದ್ದರೆಂದು ನಿಮ್ಮಲ್ಲಿ ಹಿರಿಯರಿದ್ದರೆ ಹೇಳುತ್ತಾರೆ.

ನರ್ಸರಿಯವರು ಸಂಖ್ಯೆ ಕೇಳುವುದು ನ್ಯಾಯವೇ. ಹಣ ಹಾಕುವವರು ಕೇಳಬೇಕು. ಅದಕ್ಕಾಗಿ ಎಲ್ಲರೆದುರು ಫಲಕ ಹಾಕಬೇಕಾಗಿಲ್ಲ. ತಿಂಗಳಿಗೊಮ್ಮೆ ಅರ್ಧ ಪುಟದ ವರದಿಯನ್ನು ಬರೆದು ಸಮುದಾಯದಲ್ಲೇ ಪ್ರಕಟಿಸಿ, ಅವರಿಗೂ ಅದನ್ನೇ ಕೊಡಿ: ಬಾಟ್‌ಗಳನ್ನು ಕಳೆದ ಮೇಲೆ ಸುಮಾರು ಎಷ್ಟು ಭೇಟಿ, ಯಾವ ವಿಧಾನದಿಂದ ಎಣಿಸಿದ್ದು, ಎಷ್ಟು ಪ್ರಶ್ನೆ, ಎಷ್ಟಕ್ಕೆ ಉತ್ತರ, ಎಷ್ಟು ಬೀಜದ ಪೊಟ್ಟಣ ಕೈ ಬದಲಾಯಿಸಿತು. ನರ್ಸರಿ ನಡೆಸುವವರಿಗೆ ಹತ್ತು ಸಾವಿರ ಭೇಟಿಗಿಂತ ಕೊನೆಯ ಎರಡು ಸಾಲು ಹೆಚ್ಚು ಅರ್ಥವಾಗುತ್ತದೆ. ಸುತ್ತುಸಂಖ್ಯೆಯಲ್ಲಿ ಹೇಳಿ, 3,847 ಎಂದರೆ ಇಲ್ಲದ ನಿಖರತೆಯನ್ನು ನಟಿಸಿದಂತೆ, ಮೂರೂಮುಕ್ಕಾಲು ಸಾವಿರದಷ್ಟು ಎಂದರೆ ಸಾಕು.

ಕೌಂಟರನ್ನು ತೆಗೆಯುವ ದಿನ ಅದರ ಕೊನೆಯ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ, ಏಕೆ ತೆಗೆದಿರೆಂದು ಸದಸ್ಯರಿಗೆ ನಾಲ್ಕು ಸಾಲಿನಲ್ಲಿ ತಿಳಿಸಿ. ಇದಕ್ಕೆ ಮುಂಗಾರಿನ ಆರಂಭ ಒಳ್ಳೆಯ ಸಮಯ. ದಸರೆಯ ಹೊತ್ತಿಗೆ ಆ ಅವಧಿಯ ಪ್ರಶ್ನೆಗಳನ್ನೂ ಮೊದಲ ಉತ್ತರ ಬರಲು ಹಿಡಿದ ಸಮಯವನ್ನೂ ಹಿಂದಿನ ವರ್ಷದ ಅದೇ ತಿಂಗಳುಗಳೊಂದಿಗೆ ಹೋಲಿಸಿ, ಏಪ್ರಿಲ್‌ನೊಂದಿಗೆ ಹೋಲಿಸಬೇಡಿ. ಆಗಲೂ ನಿಮ್ಮಲ್ಲಿ ಯಾರಿಗಾದರೂ ಕೌಂಟರ್ ಬೇಕೆನಿಸಿದರೆ ಮತ್ತೆ ಹಾಕಲು ಹತ್ತು ನಿಮಿಷ ಸಾಕು.